ಟ್ರಯಲ್ಸ್ ಬೈಕು, ಮನೆಯ ಸ್ಪ್ಯಾನರು

ಟ್ರಯಲ್ಸ್ ಎಂಬ ಮೋಟಾರ್‌ಸೈಕಲ್ ಕ್ರೀಡೆಯಲ್ಲಿ ಯಾರೂ ಯಾರನ್ನೂ ಹಿಂದೆ ಹಾಕಬೇಕಿಲ್ಲ. ಹಳ್ಳದ ಬಂಡೆ, ಮರದ ಬೇರು, ಜಾರುವ ಇಳಿಜಾರುಗಳ ನಡುವೆ ಟೇಪು ಕಟ್ಟಿ ಗುರುತು ಮಾಡಿದ ಒಂದಿಷ್ಟು ದಾರಿ ಇರುತ್ತದೆ. ಅದನ್ನು ಸೆಕ್ಷನ್ ಎನ್ನುತ್ತಾರೆ. ಕಾಲೂರದೆ ದಾಟಿದರೆ ಸೊನ್ನೆ, ಒಂದು ಸಲ ಊರಿದರೆ ಒಂದು, ಎರಡು ಸಲಕ್ಕೆ ಎರಡು, ಆಮೇಲೆ ಎಷ್ಟು ಸಲ ಊರಿದರೂ ಮೂರು, ಬಿದ್ದರೆ ಐದು. ಕೊನೆಗೆ ಯಾರ ಲೆಕ್ಕ ಕಡಿಮೆಯೋ ಅವರು ಗೆದ್ದಂತೆ. ಸವಾರ ಇಡೀ ಸೆಕ್ಷನ್ನನ್ನು ನಿಂತೇ ದಾಟುತ್ತಾನೆ. ಈಗಿನ ಬೈಕುಗಳಿಗೆ ಸೀಟೆಂಬುದೇ ಇಲ್ಲ. ಎಷ್ಟೋ ಕಡೆ ಬೈಕು ನಡೆದು ಹೋಗುವವರಿಗಿಂತ ನಿಧಾನವಾಗಿ ಸಾಗುತ್ತದೆ, ಕೆಲವೊಮ್ಮೆ ಬಂಡೆಯ ತುದಿಯಲ್ಲಿ ಪೂರ್ತಿ ನಿಂತೂ ಬಿಡುತ್ತದೆ.

ಈ ನಿಧಾನದಿಂದಾಗಿಯೇ ಟ್ರಯಲ್ಸ್ ಬೈಕಿನ ನಿರ್ವಹಣೆ ಬೇರೆ ಬೈಕುಗಳ ನಿರ್ವಹಣೆಯಂತಲ್ಲ. ಹೆದ್ದಾರಿಯಲ್ಲಿ ಎಂಬತ್ತರ ವೇಗದಲ್ಲಿ ಹೋಗುವವರಿಗೆ ಹ್ಯಾಂಡಲ್‌ನ ಕೋನ್ ಸೆಟ್ ಒಂಚೂರು ಬಿಗಿಯಾಗಿದ್ದರೆ ತಿಳಿಯುವುದೇ ಇಲ್ಲ. ಕ್ಲಚ್ ಪೂರ್ತಿ ಬಿಡದಿದ್ದರೆ ಸಿಗ್ನಲ್ಲಿನಲ್ಲಿ ನ್ಯೂಟ್ರಲ್ ಸಿಗುವುದು ತಡವಾದೀತು, ಅಷ್ಟೆ. ಅದೇ ದೋಷ ಟ್ರಯಲ್ಸ್ ಸವಾರನ ಕಾಲನ್ನು ನೆಲಕ್ಕೆ ಇಳಿಸುತ್ತದೆ. ನಿಂತ ಬೈಕಿನ ಮೇಲೆ ಸಮತೋಲ ಹಿಡಿದಿರುವಾಗ ಹ್ಯಾಂಡಲ್ ಎಲ್ಲೋ ಒಂದು ಕಡೆ ತಡೆದು ತಿರುಗಿದರೆ, ಥ್ರಾಟಲ್ ಕೇಬಲ್ ಜರ್ಕ್ ಕೊಟ್ಟರೆ, ಕ್ಲಚ್ ಹಿಡಿದಿದ್ದರೂ ಬೈಕು ಮುಂದಕ್ಕೆ ಅಂಗುಲದಷ್ಟು ತೆವಳಿದರೆ, ಆ ಸೆಕ್ಷನ್ ಕೈತಪ್ಪಿ ಹೋಗುತ್ತದೆ. ಹಾಗಾಗಿ ಈ ಕ್ರೀಡೆಯಲ್ಲಿ ಬೈಕು ನೋಡಿಕೊಳ್ಳುವುದು ಸವಾರಿಯ ಒಂದು ಭಾಗವೇ. ಮನೆಯ ಶೆಡ್ಡಿನಲ್ಲಿ ಮಾಡುವ ಕೆಲಸ ಒಳ್ಳೆಯದೋ ಕೆಟ್ಟದೋ ಎಂದು ತೀರ್ಮಾನಿಸಲು ನನಗೆ ಒಂದೇ ಅಳತೆಗೋಲು ಸಾಕು: ಕೆಲಸ ಮುಗಿದ ಮೇಲೆ ಬೈಕು ಮೊದಲಿಗಿಂತ ನಿಧಾನವಾಗಿ, ನಯವಾಗಿ ಹೋಗುತ್ತಿದೆಯೇ? ಈ ಅಳತೆಗೆ ಹಿಡಿದರೆ ಇಂದು ಶೆಡ್ಡುಗಳಲ್ಲಿ ನಡೆಯುವ ಬಹಳಷ್ಟು ಕೆಲಸ ಬೇಡದ್ದು, ಬೇಕಾದ ಕೆಲವು ಕೆಲಸ ನಡೆಯುತ್ತಲೇ ಇಲ್ಲ.

ಸವಾರನೇ ತನ್ನ ಬೈಕನ್ನು ತಿದ್ದಿ ನೋಡಿಕೊಳ್ಳುವ ಪದ್ಧತಿಗೆ ದೊಡ್ಡ ಪರಂಪರೆಯೇ ಇದೆ. ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದ ಸ್ಯಾಮಿ ಮಿಲ್ಲರ್ 1950 ಮತ್ತು 60ರ ದಶಕದಲ್ಲಿ ಬ್ರಿಟನ್ನಿನ ಟ್ರಯಲ್ಸ್ ಕ್ರೀಡೆಯನ್ನು ಆಳಿದ್ದು 500 ಸಿಸಿಯ ಏರಿಯಲ್ ಬೈಕಿನ ಮೇಲೆ. ಅದರ ನೋಂದಣಿ ಸಂಖ್ಯೆ ಜಿಓವಿ 132 ಕ್ರೀಡೆಯನ್ನು ಬಲ್ಲವರಿಗೆಲ್ಲ ಬಾಯಿಪಾಠ. ಕಂಪನಿ ಫೋರ್ ಸ್ಟ್ರೋಕ್ ಬೈಕುಗಳ ತಯಾರಿಕೆಯನ್ನೇ ಕೈಬಿಟ್ಟ ಮೇಲೂ ಮಿಲ್ಲರ್ ಆ ಬೈಕನ್ನು ವರ್ಷದಿಂದ ವರ್ಷಕ್ಕೆ ತಿದ್ದುತ್ತ ಹೋದರು. ಉಕ್ಕಿದ್ದಲ್ಲಿ ಅಲ್ಯೂಮಿನಿಯಂ, ತಗಡಿದ್ದಲ್ಲಿ ಫೈಬರ್‌ಗ್ಲಾಸ್, ಫ್ರೇಮಿಗೆ ಹಗುರ ಕೊಳವೆ. 1962ರಲ್ಲಿ, ಮತ್ತೆ 1964ರಲ್ಲಿ ಸ್ಕಾಟ್ಲೆಂಡಿನ ಆರು ದಿನಗಳ ಟ್ರಯಲ್ ಗೆದ್ದದ್ದು ಅದರ ಮೇಲೆಯೇ. ಆಮೇಲೆ ಅವರು ಸ್ಪೇನಿಗೆ ಹೋಗಿ ಬುಲ್ಟಾಕೊ ಕಂಪನಿಗೆ ಶೆರ್ಪಾ ಟಿ ಬೈಕನ್ನು ರೂಪಿಸಿಕೊಟ್ಟರು. 244 ಸಿಸಿ, ಟೂ ಸ್ಟ್ರೋಕ್, ಏರಿಯಲ್‌ಗಿಂತ ಎಷ್ಟೋ ಹಗುರ. 1965ರಲ್ಲಿ ಅದೇ ಸ್ಕಾಟ್ಲೆಂಡಿನಲ್ಲಿ ಅದು ಗೆದ್ದಿತು. ಭಾರವಾದ ಬ್ರಿಟಿಷ್ ಫೋರ್ ಸ್ಟ್ರೋಕ್‌ಗಳ ಕಾಲ ಅಲ್ಲಿಗೆ ಮುಗಿಯುತ್ತ ಬಂತು.

ಶೆರ್ಪಾವನ್ನು ಮನೆಯ ಮೆಕ್ಯಾನಿಕ್‌ನ ಕಣ್ಣಿನಿಂದ ನೋಡಿದರೆ ಇನ್ನೊಂದು ಗುಣ ಕಾಣುತ್ತದೆ. ಗಾಳಿಯಿಂದ ತಣಿಯುವ ಒಂದು ಸಿಲಿಂಡರ್, ಒಂದು ಕಾರ್ಬ್ಯುರೇಟರ್, ಪಾಯಿಂಟುಗಳ ಇಗ್ನಿಷನ್, ಕೇಬಲ್ಲಿನಿಂದ ಎಳೆಯುವ ಕ್ಲಚ್, ಎರಡು ಡ್ರಮ್ ಬ್ರೇಕು. ಹೊರಗಿನಿಂದಲೇ ಎಲ್ಲವೂ ಕಾಣುತ್ತದೆ, ಎಲ್ಲದಕ್ಕೂ ಕೈ ಹೋಗುತ್ತದೆ. ಬುಲ್ಟಾಕೊ ಕಂಪನಿ 1980ರ ದಶಕದ ಆರಂಭದಲ್ಲೇ ಮುಚ್ಚಿತು. ಆದರೂ ಶೆರ್ಪಾಗಳು ಇಂದಿಗೂ ಹಳೆಯ ಬೈಕುಗಳ ಟ್ರಯಲ್‌ಗಳಲ್ಲಿ ಬಂಡೆ ಹತ್ತುತ್ತಿವೆ. ಸಣ್ಣಪುಟ್ಟ ವರ್ಕ್‌ಶಾಪುಗಳು ಅದರ ಬಿಡಿಭಾಗಗಳನ್ನು ಇನ್ನೂ ಮಾಡುತ್ತಿರುವುದರಿಂದ, ಅದರ ಮಾಲೀಕರಿಗೆ ಅದನ್ನು ಸ್ವತಃ ಬಿಚ್ಚಿ ಜೋಡಿಸಲು ಬರುವುದರಿಂದ ಹೀಗಾಗಿದೆ. ಯಮಹಾದ ಟಿವೈ 175 ಕೂಡ ಇದೇ ಜಾತಿಯದು. ಹೊಸದಾಗಿ ಸ್ಪ್ಯಾನರ್ ಹಿಡಿಯುವವರಿಗೆ ನಾನು ಇಂದಿಗೂ ಹೇಳುವುದು ಇಂಥದ್ದೊಂದು ಹಳೆಯ ಬೈಕನ್ನೇ.

ಈಗಿನ ಟ್ರಯಲ್ಸ್ ಬೈಕು ತೂಗುವುದು ಎಪ್ಪತ್ತು ಕಿಲೋ ಆಸುಪಾಸು. ಇಟಲಿಯ ಬೇಟಾ, ಸ್ಪೇನಿನ ಗ್ಯಾಸ್ ಗ್ಯಾಸ್, ಟಿಆರ್‌ಎಸ್, ಫ್ರಾನ್ಸಿನ ಶೆರ್ಕೊ ಎಲ್ಲವೂ ಹೆಚ್ಚುಕಡಿಮೆ ಒಂದೇ ಅಚ್ಚಿನವು: ನೀರಿನಿಂದ ತಣಿಯುವ ಟೂ ಸ್ಟ್ರೋಕ್ ಎಂಜಿನ್ನು, ಹಗುರ ಫ್ರೇಮು, ಹೈಡ್ರಾಲಿಕ್ ಕ್ಲಚ್ಚು, ಎರಡೂ ಕಡೆ ಡಿಸ್ಕು. ತೂಕ ಇಳಿಸಲು ಒಂದು ಭಾಗದ ಹಿಂದೆ ಇನ್ನೊಂದನ್ನು ಅಡಗಿಸಿ ಕೂರಿಸಿದ್ದಾರೆ. ಕಾರ್ಬ್ಯುರೇಟರ್ ತೆಗೆಯಬೇಕಾದರೆ ಏರ್‌ಬಾಕ್ಸ್ ಸಡಿಲಿಸಬೇಕು, ಹಿಂದಿನ ಮಡ್‌ಗಾರ್ಡ್ ಎತ್ತಬೇಕು. ಇದು ನನ್ನ ಮೊದಲ ತಕರಾರು. ಆದರೂ ಇಷ್ಟು ಹಗುರ ಬೈಕಿನಿಂದ ಮನೆಯಲ್ಲಿ ಕೆಲಸ ಮಾಡುವವರಿಗೆ ಒಂದು ದೊಡ್ಡ ಅನುಕೂಲವಿದೆ. ಅದು ಚೆನ್ನಾಗಿ ಗೊತ್ತಾಗುವುದು ಕ್ಲಚ್ಚಿಗೆ ಕೈ ಹಾಕಿದಾಗ.

ಈ ಕ್ರೀಡೆಯ ಜೀವ ಇರುವುದೇ ಕ್ಲಚ್ಚಿನಲ್ಲಿ. ಸವಾರ ಅದನ್ನು ಒಂದೇ ಬೆರಳಿನಿಂದ ಹಿಡಿದಿರುತ್ತಾನೆ, ಗೇರು ಬಿದ್ದೇ ಇರುತ್ತದೆ, ಎಂಜಿನ್ ತಿರುಗುತ್ತಲೇ ಇರುತ್ತದೆ. ಬೆರಳು ಬಿಟ್ಟಷ್ಟೇ ಬೈಕು ಮುಂದೆ ಹೋಗಬೇಕು. ಆದರೆ ಅನೇಕ ಹೊಸ ಬೈಕುಗಳಲ್ಲಿ, ಅದರಲ್ಲೂ ತಣ್ಣಗಿರುವಾಗ, ಪ್ಲೇಟುಗಳು ಒಂದಕ್ಕೊಂದು ಅಂಟಿಕೊಂಡು ಬೈಕನ್ನು ಎಳೆಯುತ್ತವೆ. ಕಿಕ್ ಹೊಡೆಯುವ ಮುನ್ನ ಗೇರು ಹಾಕಿ, ಕ್ಲಚ್ ಹಿಡಿದು, ಬೈಕನ್ನು ಹಿಂದಕ್ಕೂ ಮುಂದಕ್ಕೂ ತಳ್ಳಿ ಪ್ಲೇಟು ಬಿಡಿಸಿಕೊಳ್ಳುವುದು ಎಷ್ಟೋ ಸವಾರರಿಗೆ ಅಭ್ಯಾಸವಾಗಿಬಿಟ್ಟಿದೆ. ಕೆಲವರು ಇದಕ್ಕೆ ಆಯಿಲ್ ಮೇಲೆ ಆಯಿಲ್ ಬದಲಿಸುತ್ತಾರೆ, ಇನ್ನು ಕೆಲವರು ದುಬಾರಿ ಪ್ಲೇಟು ತರಿಸುತ್ತಾರೆ. ಬೇಟಾದಂಥ ಬೈಕುಗಳಲ್ಲಿ ಕಾರಣ ಬಹಳ ಸಣ್ಣದು. ಫ್ರಿಕ್ಷನ್ ಪ್ಲೇಟಿನ ಮೇಲೆ ತುಂಡು ತುಂಡಾಗಿ ಅಂಟಿಸಿದ ಲೈನಿಂಗ್ ಇರುತ್ತದೆ. ಅಂಟಿಸುವಾಗ ಹೆಚ್ಚಾದ ಅಂಟು ಆ ತುಂಡುಗಳ ನಡುವಿನ ಸಂದಿಗೆ ಹರಿದು ಗಟ್ಟಿಯಾಗಿರುತ್ತದೆ. ಆಯಿಲ್ ಹರಿಯಬೇಕಾದ ದಾರಿ ಮುಚ್ಚಿಹೋಗಿ ಪ್ಲೇಟುಗಳು ಅಂಟುತ್ತವೆ.

ಇದನ್ನು ಸರಿಪಡಿಸುವುದು ಮನೆಯಲ್ಲೇ ಆಗುವ ಕೆಲಸ. ಪೆಟ್ರೋಲಿನ ನಲ್ಲಿಯನ್ನು ಮುಚ್ಚಿ ಬೈಕನ್ನು ಎಡಮಗ್ಗುಲಿಗೆ ಒಂದು ಗೋಣಿಯ ಮೇಲೆ ಮಲಗಿಸಬೇಕು. ಕ್ಲಚ್ ಕವರ್ ಬಲಗಡೆ ಇರುವುದರಿಂದ ಗೇರ್ ಆಯಿಲ್ ಇಳಿಸುವುದೇ ಬೇಕಿಲ್ಲ, ಒಂದು ಹನಿಯೂ ಚೆಲ್ಲುವುದಿಲ್ಲ. ಎಪ್ಪತ್ತು ಕಿಲೋದ ಬೈಕು ತಾನೆ, ಒಬ್ಬರೇ ಮಲಗಿಸಬಹುದು, ಒಬ್ಬರೇ ಎತ್ತಬಹುದು. ಅಲೆನ್ ಬೋಲ್ಟುಗಳನ್ನು ತೆಗೆದು ಯಾವುದು ಎಲ್ಲಿಯದೆಂದು ತಿಳಿಯುವಂತೆ ರಟ್ಟಿನ ಮೇಲೆ ಚುಚ್ಚಿಟ್ಟು, ಗ್ಯಾಸ್ಕೆಟ್ ಹರಿಯದಂತೆ ಕವರ್ ಎಬ್ಬಿಸಿ, ಪ್ಲೇಟುಗಳನ್ನು ಇದ್ದ ಕ್ರಮದಲ್ಲೇ ಹೊರತೆಗೆಯಬೇಕು. ಆಮೇಲೆ ಸಣ್ಣ ಬ್ಲೇಡು ಹಿಡಿದು ಸಂದಿ ಸಂದಿಯ ಅಂಟನ್ನು ಕೆರೆಯಬೇಕು. ಲೈನಿಂಗಿಗೆ ಗೀರು ಬೀಳಬಾರದು. ಈ ಕೆಲಸಕ್ಕೆ ಅವಸರ ಕೂಡದು. ಕೆರೆದ ಪ್ಲೇಟು ತೊಳೆದು, ಹೊಸ ಆಯಿಲಿನಲ್ಲಿ ನೆನೆಸಿ, ಅದೇ ಕ್ರಮದಲ್ಲಿ ಕೂರಿಸಿದರೆ ಮುಗಿಯಿತು. ಮರುದಿನ ಬೆಳಿಗ್ಗೆ ಗೇರು ಹಾಕಿದಾಗ ಬೈಕು ಇದ್ದಲ್ಲೇ ಇರುತ್ತದೆ. ಖರ್ಚೆಂದರೆ ಹೆಚ್ಚೆಂದರೆ ಒಂದು ಗ್ಯಾಸ್ಕೆಟ್. ಮನೆಯಲ್ಲಿ ರಿಪೇರಿ ಮಾಡುವ ಪದ್ಧತಿಯ ಪರವಾಗಿ ನನ್ನ ಮುಖ್ಯ ಸಾಕ್ಷಿ ಇದೇ. ಗಂಟೆಗೆ ಇಷ್ಟೆಂದು ಕೂಲಿ ಲೆಕ್ಕ ಹಾಕುವ ವರ್ಕ್‌ಶಾಪು ಇಷ್ಟು ಹೊತ್ತು ಕೂತು ಅಂಟು ಕೆರೆಯುವುದಿಲ್ಲ, ಪ್ಲೇಟು ಬದಲಿಸಿ ಬಿಲ್ಲು ಕೊಡುತ್ತದೆ.

ಹೈಡ್ರಾಲಿಕ್ಸ್ ವಿಷಯದಲ್ಲಿ ಮಾತ್ರ ಮನೆಯ ಮೆಕ್ಯಾನಿಕ್‌ಗಳ ಧೈರ್ಯ ಸ್ವಲ್ಪ ಹೆಚ್ಚಾಯಿತೆನಿಸುತ್ತದೆ. ಕೆಲವು ಕ್ಲಚ್ಚುಗಳಿಗೆ ಮಿನರಲ್ ಆಯಿಲ್ ಬೇಕು, ಕೆಲವಕ್ಕೆ ಡಾಟ್ 4. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ರಬ್ಬರ್ ಸೀಲ್ ಹಾಳಾಗುತ್ತದೆ. ಮುಚ್ಚಳದ ಮೇಲೆ ಬರೆದಿರುವುದನ್ನು ಓದಿದ್ದರೆ ಉಳಿಯುತ್ತಿದ್ದ ಸೀಲುಗಳು ಎಷ್ಟೋ. ಹಿಂದಿನ ಬ್ರೇಕಿನದು ಇನ್ನೊಂದು ಕಥೆ. ಎಷ್ಟು ಸಲ ಪೆಡಲ್ ತುಳಿದು ಗಾಳಿ ತೆಗೆದರೂ ಅದು ಮೆತ್ತಗೇ ಇರುತ್ತದೆ, ಏಕೆಂದರೆ ಪೈಪಿನ ದಾರಿಯಲ್ಲಿ ಗಾಳಿಗುಳ್ಳೆ ಮೇಲಕ್ಕೇ ಏರಲು ನೋಡುತ್ತದೆ, ನಾವು ಅದನ್ನು ಕೆಳಕ್ಕೆ ತಳ್ಳುತ್ತಿರುತ್ತೇವೆ. ಸಿರಿಂಜಿನಲ್ಲಿ ಆಯಿಲ್ ತುಂಬಿ ಕ್ಯಾಲಿಪರ್ ಕಡೆಯಿಂದ ಮೇಲಕ್ಕೆ ನಿಧಾನವಾಗಿ ಒತ್ತಿದರೆ ಗುಳ್ಳೆ ತಾನಾಗಿ ಹೊರಬೀಳುತ್ತದೆ. ಇಷ್ಟು ಮಾಡುವವರು ಕೂಡ ಪೆಡಲಿಗೂ ಮಾಸ್ಟರ್ ಸಿಲಿಂಡರಿಗೂ ನಡುವೆ ಕೂದಲೆಳೆಯಷ್ಟು ಬಿಡುವು ಇಡುವುದನ್ನು ಮರೆಯುತ್ತಾರೆ. ಬಿಡುವಿಲ್ಲದಿದ್ದರೆ ಪಿಸ್ಟನ್ ಪೂರ್ತಿ ಹಿಂದೆ ಬರುವುದಿಲ್ಲ. ಆಯಿಲ್ ಬಿಸಿಯಾಗಿ ಹಿಗ್ಗಿದಾಗ ವಾಪಸು ಹೋಗಲು ದಾರಿ ಸಿಗದೆ ಚಕ್ರ ತಾನಾಗಿ ಹಿಡಿದುಕೊಳ್ಳುತ್ತದೆ. ಇಳಿಜಾರಿನಲ್ಲಿ ಹೀಗಾದರೆ ಮೂಳೆ ಮುರಿಯಬಹುದು. ಬ್ರೇಕಿಗೆ ಕೈ ಹಾಕುವವರು ಇದನ್ನು ಅರ್ಥ ಮಾಡಿಕೊಂಡೇ ಹಾಕಬೇಕು.

ಈಗ ಮಾಡದೆ ಬಿಡುತ್ತಿರುವ ಕೆಲಸದ ಮಾತು. ಹಿಂದಿನ ಸಸ್ಪೆನ್ಷನ್ನಿನ ಲಿಂಕೇಜ್ ಬೈಕಿನ ಅಡಿಯಲ್ಲಿ, ಸಂಪ್ ಗಾರ್ಡಿನ ಬೆನ್ನಿಗೇ ಇರುತ್ತದೆ. ಪ್ರತಿ ಹಳ್ಳದಲ್ಲೂ ಮುಳುಗುವುದು ಮೊದಲು ಅದೇ. ಒಳಗಿರುವುದು ಸೂಜಿಯಂಥ ಸಣ್ಣ ರೋಲರುಗಳ ಬೇರಿಂಗು. ಕಾರ್ಖಾನೆಯಲ್ಲಿ ಹಾಕಿದ ಗ್ರೀಸು ಎಷ್ಟೋ ಸಲ ಹೆಸರಿಗಷ್ಟೇ. ಒಂದು ಮಳೆಗಾಲ ಕಳೆದ ಮೇಲೆ ಬಿಚ್ಚಿ ನೋಡಿದರೆ ಒಳಗೆ ಕಂದು ಬಣ್ಣದ ರಾಡಿ, ಉಜ್ಜಿದರೆ ಕೈಗೆ ಹತ್ತುವ ತುಕ್ಕು. ಅಲ್ಲಿಂದ ಮುಂದೆ ಹಿಂದಿನ ಚಕ್ರ ಬಂಡೆಯ ಮೇಲೆ ತಗ್ಗಿ ಏಳುವ ಬದಲು ಪುಟಿಯುತ್ತದೆ. ಸವಾರನಿಗೆ ಟೈರಿನ ಮೇಲೆ ಅನುಮಾನ, ಶಾಕ್ ಅಬ್ಸಾರ್ಬರಿನ ಮೇಲೆ ಅನುಮಾನ. ಲಿಂಕೇಜಿನ ನೆನಪು ಬರುವುದು ಕೊನೆಗೆ.

ಇದನ್ನು ಬೇಗ ಹಾಳುಮಾಡುವುದು ಪ್ರೆಷರ್ ವಾಷು. ಟ್ರಯಲ್ ಮುಗಿದ ಸಂಜೆ ಕೆಸರು ಮೆತ್ತಿದ ಬೈಕಿಗೆ ಜೋರಾಗಿ ನೀರು ಹೊಡೆದು ಹೊಳೆಯುವಂತೆ ನಿಲ್ಲಿಸುವುದು ಈ ಹವ್ಯಾಸದಲ್ಲಿ ಒಂದು ವ್ರತವೇ ಆಗಿಬಿಟ್ಟಿದೆ. ಆ ನೀರಿನ ಒತ್ತಡ ಕೋನ್ ಸೆಟ್, ಚಕ್ರದ ಬೇರಿಂಗು, ಲಿಂಕೇಜಿನ ಸೀಲುಗಳನ್ನು ದಾಟಿ ಗ್ರೀಸನ್ನು ಹೊರಗಟ್ಟುತ್ತದೆ, ಬೈಕು ಮಾತ್ರ ಹೊರಗೆ ಥಳಥಳ ಹೊಳೆಯುತ್ತದೆ. ಬಕೆಟ್ಟು, ಬ್ರಷ್ಷು, ಮೆಲ್ಲಗೆ ಹರಿಯುವ ಪೈಪಿನ ನೀರು ಸಾಕು. ಕೆಸರು ಒಣಗುವ ಮುನ್ನ ತೊಳೆದರೆ ಒತ್ತಡವೇ ಬೇಕಿಲ್ಲ. ಏರ್ ಫಿಲ್ಟರಿನ ಸ್ಪಂಜಿನ ಬಗ್ಗೆಯೂ ಇದೇ ಮಾತು: ಅದನ್ನು ಪೆಟ್ರೋಲಿನಲ್ಲಿ ಅದ್ದಿ ಹಿಂಡುವವರಿದ್ದಾರೆ, ಹಾಗೆ ಮಾಡಿದರೆ ಸ್ಪಂಜಿನ ಅಂಟು ಬಿಡುತ್ತದೆ. ಸೋಪು ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ಫಿಲ್ಟರ್ ಆಯಿಲ್ ಹಚ್ಚಿ ಹಾಕಬೇಕು.

ಬೋಲ್ಟು ಬಿಗಿಯುವುದರಲ್ಲೂ ಈ ಬೈಕು ಬೇರೆ ಬುದ್ಧಿ ಕೇಳುತ್ತದೆ. ಎಂಜಿನ್ ಕವರುಗಳು ಮೆತ್ತನೆಯ ಅಲಾಯ್. ಕೈಬಲ ತೋರಿಸಿದರೆ ತ್ರೆಡ್ ಹೋಗುತ್ತದೆ, ಆಮೇಲೆ ಹೆಲಿಕಾಯಿಲ್ ಎಂಬ ಹೊಸ ತ್ರೆಡ್ಡಿನ ಸುರುಳಿ ಹಾಕಿಸುವ ಕೆಲಸ. ಇತ್ತ ಹ್ಯಾಂಡಲಿನ ಮೇಲಿನ ಬ್ರೇಕ್, ಕ್ಲಚ್ ಲಿವರುಗಳ ಹಿಡಿಕೆಯನ್ನು ಬೇಕೆಂದೇ ಸ್ವಲ್ಪ ಸಡಿಲ ಬಿಡಬೇಕು. ಬೈಕು ಬಿದ್ದಾಗ ಲಿವರ್ ಮುರಿಯುವ ಬದಲು ಪಕ್ಕಕ್ಕೆ ತಿರುಗಿಕೊಳ್ಳುತ್ತದೆ. ಅನುಭವಿಗಳು ಹಿಡಿಕೆಯ ಕೆಳಗೆ ಹ್ಯಾಂಡಲಿಗೆ ಟೆಫ್ಲಾನ್ ಟೇಪು ಸುತ್ತಿರುತ್ತಾರೆ. ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂಬ ಈ ತಿಳಿವಳಿಕೆ ಸ್ಪ್ಯಾನರ್ ಸೆಟ್ಟಿನ ಜೊತೆಗೆ ಬರುವುದಿಲ್ಲ. ಟೈರಿನದೂ ಹಾಗೇ. ಹಿಂದಿನ ಟೈರಿಗೆ ನಾಲ್ಕರಿಂದ ಐದು ಪಿಎಸ್‌ಐ, ಮುಂದಿನದಕ್ಕೆ ಒಂದೆರಡು ಹೆಚ್ಚು. ಪೆಟ್ರೋಲ್ ಬಂಕಿನ ಗೇಜು ಮೂವತ್ತು ಪಿಎಸ್‌ಐ ಸುತ್ತ ಓದಲು ಮಾಡಿದ್ದು, ನಾಲ್ಕಕ್ಕೂ ಆರಕ್ಕೂ ವ್ಯತ್ಯಾಸವನ್ನೇ ಹೇಳಲಾರದು. ಈ ಎರಡು ಪಿಎಸ್‌ಐನಲ್ಲಿ ಒದ್ದೆ ಬಂಡೆಯ ಮೇಲಿನ ಹಿಡಿತ ಬರುತ್ತದೆ ಅಥವಾ ಹೋಗುತ್ತದೆ. ಟೈಟೇನಿಯಂ ಬೋಲ್ಟು, ಬಣ್ಣದ ಕವರು, ಹೆಸರಾಂತ ಸೈಲೆನ್ಸರಿಗೆ ಹಣ ಸುರಿದವರಲ್ಲೂ ಕಡಿಮೆ ಒತ್ತಡ ಓದುವ ಗೇಜು ಇಲ್ಲದಿರುವುದನ್ನು ಕಂಡಿದ್ದೇನೆ. ಇದನ್ನು ನಾನು ತಪ್ಪು ಆದ್ಯತೆ ಎಂದೇ ಕರೆಯುತ್ತೇನೆ.

ಟೂ ಸ್ಟ್ರೋಕ್ ಎಂಜಿನ್ ತನ್ನ ಕಾಯಿಲೆಯನ್ನು ತಾನೇ ಹೇಳುತ್ತದೆ, ಕೇಳಲು ಕಿವಿ ಬೇಕು. ಗೇರ್ ಆಯಿಲ್ ಹಾಲು ಬೆರೆತಂತೆ ಬಿಳಿಚಿದರೆ ವಾಟರ್ ಪಂಪಿನ ಸೀಲ್ ಹೋಗಿದೆ. ಹೊಗೆ ವಿಪರೀತವಾಗಿ ಗೇರ್ ಆಯಿಲ್ ಇಳಿಯುತ್ತಿದ್ದರೆ ಕ್ರ್ಯಾಂಕಿನ ಕ್ಲಚ್ ಬದಿಯ ಸೀಲು ಸೋತು, ಎಂಜಿನ್ ಆಯಿಲನ್ನು ಒಳಗೆಳೆಯುತ್ತಿದೆ. ಥ್ರಾಟಲ್ ಬಿಟ್ಟರೂ ಎಂಜಿನ್ ವೇಗ ಇಳಿಯದೆ ತೂಗಾಡಿದರೆ ಮ್ಯಾಗ್ನೆಟ್ ಬದಿಯ ಸೀಲಿನಿಂದಲೋ ಇನ್‌ಲೆಟ್ ರಬ್ಬರಿನಿಂದಲೋ ಗಾಳಿ ಒಳಬರುತ್ತಿದೆ. ನಿಧಾನದಲ್ಲಿ ಮಿಸ್ಸಿಂಗ್ ಬಂದು ಮೇಲೆ ಸರಿಯಾದರೆ ಪೈಲಟ್ ಜೆಟ್ಟಿನಲ್ಲಿ ಕಸ. 1961ರಿಂದ 1996ರವರೆಗೆ ಮೈಸೂರಿನ ಕಾರ್ಖಾನೆಯಲ್ಲಿ ಜಾವಾ, ಯೆಜ್ಡಿಗಳು ತಯಾರಾದ ನಾಡು ನಮ್ಮದು. ಆರ್‌ಎಕ್ಸ್ 100ರ ಸದ್ದು ಕೇಳಿಯೇ ಸೆಟ್ಟಿಂಗ್ ಹೇಳುವ ಮೆಕ್ಯಾನಿಕ್‌ಗಳು ನಮ್ಮ ಊರೂರಲ್ಲಿ ಇದ್ದಾರೆ. ಅವರಿಗೆ ಈ ಪಟ್ಟಿಯಲ್ಲಿ ಹೊಸದೇನೂ ಇರಲಾರದು. ಟ್ರಯಲ್ಸ್ ಬೈಕು ಎಂದೂ ನೋಡದ ಅಂಥವರ ಕೈಗೆ ಒಂದನ್ನು ಕೊಟ್ಟರೂ ಅದು ಕೆಡುವುದಿಲ್ಲ ಎಂಬ ನಂಬಿಕೆ ನನಗಿದೆ.

ಫೋರ್ ಸ್ಟ್ರೋಕ್ ಆದ ಮೊಂಟೆಸಾ ಕೋಟಾ 4ಆರ್‌ಟಿಯ ಬಗ್ಗೆ ಮನೆಯ ಮೆಕ್ಯಾನಿಕ್‌ಗಳಲ್ಲಿ ಒಂದು ಅಂಜಿಕೆ ಇದೆ. ಫ್ಯೂಯೆಲ್ ಇಂಜೆಕ್ಷನ್, ವಾಲ್ವು, ಕಂಪ್ಯೂಟರು ಎಂದು ದೂರ ಸರಿಯುತ್ತಾರೆ. ಈ ಅಂಜಿಕೆಗೆ ಕಾರಣ ಕಾಣೆ. ಬ್ಯಾಟರಿಯೇ ಇಲ್ಲದೆ ಕಿಕ್ಕಿನಿಂದ ಹೊತ್ತಿಕೊಳ್ಳುವ ಇಂಜೆಕ್ಷನ್ ಅದು. ಎಂಜಿನ್ ಆಯಿಲ್ ಬೇರೆ, ಗೇರ್ ಆಯಿಲ್ ಬೇರೆ, ಎರಡನ್ನೂ ಹೊತ್ತಿಗೆ ಸರಿಯಾಗಿ ಬದಲಿಸಿ ವಾಲ್ವ್ ಕ್ಲಿಯರೆನ್ಸ್ ನೋಡುತ್ತಿದ್ದರೆ ವರ್ಷಗಟ್ಟಲೆ ನಂಬಿ ಓಡಿಸಬಹುದು. 2007ರಿಂದ ಹದಿನೈದಕ್ಕೂ ಹೆಚ್ಚು ವರ್ಷ ಸತತವಾಗಿ ವಿಶ್ವಚಾಂಪಿಯನ್ ಆದ ಟೋನಿ ಬೌ ಗೆದ್ದದ್ದೂ ಮೊಂಟೆಸಾದ ಫೋರ್ ಸ್ಟ್ರೋಕ್ ಮೇಲೆಯೇ.

ಚಳಿಗಾಲ ಬಂತೆಂದರೆ ಎಂಜಿನ್ನನ್ನು ಪೂರ್ತಿ ಬಿಚ್ಚಿ ಮೇಜಿನ ಮೇಲೆ ಹರಡುವವರ ಬಗ್ಗೆ ನನಗೆ ಒಲವಿಲ್ಲ. ಅವರ ಶ್ರದ್ಧೆ ದೊಡ್ಡದು, ಒಪ್ಪುತ್ತೇನೆ. ಆದರೆ ಕಡಿಮೆ ವೇಗದಲ್ಲಿ ತಿರುಗುವ ಟ್ರಯಲ್ಸ್ ಎಂಜಿನ್ ಅಷ್ಟು ಬೇಗ ಸವೆಯುವುದಿಲ್ಲ. ಪ್ರತಿ ಸಲ ಬಿಚ್ಚಿದಾಗಲೂ ತ್ರೆಡ್ಡು, ಗ್ಯಾಸ್ಕೆಟ್ ಕೂರುವ ಮುಖ, ಸೀಲಿನ ತುಟಿ ಸ್ವಲ್ಪ ಸ್ವಲ್ಪವೇ ಸವೆಯುತ್ತವೆ. ಇನ್ನು ನೈಟ್ರೋಜನ್ ತುಂಬಿದ ಶಾಕ್ ಅಬ್ಸಾರ್ಬರು, ಪ್ರೆಸ್ ಬೇಕಾದ ಕ್ರ್ಯಾಂಕು, ಬಿರುಕು ಬಿಟ್ಟ ಅಲ್ಯೂಮಿನಿಯಂ ಫ್ರೇಮಿನ ವೆಲ್ಡಿಂಗು ಮನೆಯ ಕೆಲಸಗಳಲ್ಲ. ಇವನ್ನು ಬಲ್ಲವರ ಕೈಗೆ ಕೊಡುವುದೇ ಸರಿ.

ಸ್ಕಾಟ್ಲೆಂಡಿನ ಆರು ದಿನಗಳ ಟ್ರಯಲ್ ಇಂದಿಗೂ ಪ್ರತಿ ಮೇ ತಿಂಗಳಲ್ಲಿ ಫೋರ್ಟ್ ವಿಲಿಯಂ ಊರಿನ ಸುತ್ತ ನಡೆಯುತ್ತದೆ. ರಾತ್ರಿ ಬೈಕುಗಳು ಆಯೋಜಕರ ಕಾವಲಿನಲ್ಲಿರುತ್ತವೆ, ಮಾಲೀಕರೂ ಮುಟ್ಟುವಂತಿಲ್ಲ. ಜೌಗು, ಹಳ್ಳ, ಬಂಡೆಗಳ ನಡುವೆ ಆರು ದಿನ ಉಳಿಯುವ ಬೈಕು ಹಿಂದಿನ ತಿಂಗಳುಗಳಲ್ಲಿ ಶೆಡ್ಡಿನಲ್ಲಿ ಸರಿಯಾಗಿ ನೋಡಿಕೊಂಡ ಬೈಕೇ ಆಗಿರುತ್ತದೆ. ಅಲ್ಲಿ ಸ್ಪರ್ಧಿಸುವ ಹವ್ಯಾಸಿಗಳಲ್ಲಿ ಬಹುಪಾಲು ಜನರಿಗೆ ಬೈಕು ಸಿದ್ಧ ಮಾಡಿಕೊಡಲು ಬೇರೆ ಯಾರೂ ಇರುವುದಿಲ್ಲ.

ತಯಾರಕರಿಗೆ ನನ್ನದೊಂದು ಒತ್ತಾಯವಿದೆ: ಲಿಂಕೇಜಿಗೆ ಗ್ರೀಸ್ ನಿಪ್ಪಲ್ ಕೊಡಿ, ಪ್ಲೇಟಿನ ಅಂಟನ್ನು ಕಾರ್ಖಾನೆಯಲ್ಲೇ ಒರೆಸಿ, ಬೋಲ್ಟುಗಳ ಬಿಗಿತದ ಅಳತೆಯನ್ನು ಕೈಪಿಡಿಯಲ್ಲಿ ಪೂರ್ತಿ ಅಚ್ಚು ಹಾಕಿಸಿ. ಓದುಗರಲ್ಲಿ ಯಾರಾದರೂ ಟ್ರಯಲ್ಸ್ ಬೈಕು ತರುವ ಯೋಚನೆಯಲ್ಲಿದ್ದರೆ, ಅದು ಹೊಸದೇ ಇರಲಿ ಹಳೆಯದೇ ಇರಲಿ, ಮೊದಲ ಸವಾರಿಗೆ ಮುನ್ನ ಲಿಂಕೇಜನ್ನೂ ಕೋನ್ ಸೆಟ್ಟನ್ನೂ ಬಿಚ್ಚಿ ಗ್ರೀಸ್ ತುಂಬಿ, ಕಡಿಮೆ ಒತ್ತಡ ಓದುವ ಒಂದು ಗೇಜು ಕೊಳ್ಳಿ. ಉಳಿದ ಯಾವ ಬಿಡಿಭಾಗಕ್ಕೂ ಸದ್ಯ ಹಣ ಹಾಕಬೇಡಿ.